ಕೆಂಪು ದಾರದ ಅಡ್ಡತಂತಿ

ಮಗು ಬಿದ್ದುಬಿಟ್ಟರೆ?

ಈ ಒಂದು ಯೋಚನೆ ಅವಳ ತಲೆ ಹೊಕ್ಕು ಹತ್ತು ದಿನವಾಗಿತ್ತು. ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ, ಎಷ್ಟು ಸಲ ತಡಕಿದರೂ ಅಲ್ಲೇ. ಹತ್ತು ತಿಂಗಳ ಮಗಳು ಪುಟ್ಟಿ ಕುರ್ಚಿ ಹಿಡಿದು ನಿಲ್ಲಲು ಕಲಿತ ದಿನ ಶುರುವಾದದ್ದು. ಕಣ್ಣು ಮುಚ್ಚಿದರೆ ಮಗು ನಿಧಾನವಾಗಿ ಹಿಂದಕ್ಕೆ ವಾಲುತ್ತಿತ್ತು, ವಾಲುತ್ತಲೇ ಇರುತ್ತಿತ್ತು, ನೆಲ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಒಂದು ದಿಂಬಿಗೆ ಪಟ್ಟಿ ಹೊಲಿದು ಮಗುವಿನ ಬೆನ್ನಿಗೆ ಕಟ್ಟಿದಳು. ಪುಟ್ಟಿ ಆಮೆಮರಿಯಂತಾಯಿತು. ಬಿದ್ದರೆ ನೋವಿಲ್ಲ, ನಿಜ. ಆದರೆ ಹೊರಳಿ ಏಳಲೂ ಆಗದೆ ಸೂರು ನೋಡುತ್ತ ಕೈಕಾಲು ಬಡಿಯುತ್ತಿತ್ತು.

ಇಂಥ ಹೊತ್ತಿನಲ್ಲೇ ಔಷಧಿ ಅಂಗಡಿಯ ಮಾಲೀಕರು ಹೇಳಿಕಳಿಸಿದ್ದರು. ಹೆರಿಗೆಗೆ ಮುಂಚೆ ಅವಳು ಮಾಡುತ್ತಿದ್ದ ಕೆಲಸವನ್ನು ಭಾನುವಾರ ಸಂಜೆಯವರೆಗೆ ಅವಳಿಗಾಗಿ ಇಟ್ಟಿರುತ್ತಾರೆ, ಆಮೇಲೆ ಬೇರೆಯವರಿಗೆ. ಮತ್ತೆ ಹೋಗಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. "ಮಗೂನ ನಾನು ನೋಡ್ಕೋತೀನಿ, ಹೋಗೇ ನೀನು" ಎಂದು ಅತ್ತೆಯೂ ಹೇಳಿಯಾಗಿತ್ತು. ಆದರೆ ಆ ಅತ್ತೆ ಎಂಥವರು? ಅರವತ್ತು ದಾಟಿದ ಮೇಲೆ ಆಟಿಕೆ ಕಾರು ಓಡಿಸುವವರು!

"ಆಟಿಕೆ ಅಲ್ಲ ಕಣಮ್ಮಾ, ಗಾಡಿ" ಎಂದು ಅತ್ತೆ ತಿದ್ದುತ್ತಿದ್ದರು. ಮೊಣಕೈಯುದ್ದದ ರಿಮೋಟ್ ಗಾಡಿ, ಮುಳ್ಳುಮುಳ್ಳು ಟೈರು, ಮಣ್ಣಿನ ಉಬ್ಬುತಗ್ಗುಗಳ ಮೇಲೆ ಹಾರಿಕೊಂಡು ಓಡುವಂಥದು.

ಅತ್ತೆ ಮೂವತ್ತೊಂದು ವರ್ಷ ಹಲ್ಲಿನ ಲ್ಯಾಬಿನಲ್ಲಿ ಓರೆಹಲ್ಲು ಸರಿಮಾಡುವ ತಂತಿ ಬಗ್ಗಿಸಿದವರು. ಒಂದು ಬಾಯನ್ನೂ ನೋಡಿದವರಲ್ಲ. ಮೇಜಿಗೆ ಬರುತ್ತಿದ್ದುದು ಪ್ಲಾಸ್ಟರಿನ ಅಚ್ಚುಗಳು ಮಾತ್ರ. ಈಗಲೂ ಬೀದಿಯಲ್ಲಿ ಯಾರಾದರೂ ನಕ್ಕರೆ, ಕನಸಿನಲ್ಲಿ ಕಂಡವರ ಗುರುತು ಹಿಡಿಯುವವರಂತೆ ನಿಂತುಬಿಡುತ್ತಾರೆ. ನಿವೃತ್ತಿಯಾದ ಹೊಸದರಲ್ಲಿ ಅವರ ಬೆರಳುಗಳು ನಿದ್ದೆಯಲ್ಲೂ ಗಾಳಿಯನ್ನು ಬಗ್ಗಿಸುತ್ತಿದ್ದವಂತೆ. ಗಾಡಿ ಓಟಕ್ಕೆ ಹೋಗುವ ಪಕ್ಕದ ಬೇಕರಿಯವರ ಮನೆಯಲ್ಲಿ ಮುರಿದುಬಿದ್ದಿದ್ದ ಗಾಡಿಯೊಂದನ್ನು ಕೇಳಿ ತಂದ ಮೇಲೆಯೇ ಅವು ಮಲಗಿದ್ದು.

ಆ ಗಾಡಿಯಲ್ಲಿ ಎಡಗಡೆಯ ಗಾಲಿಗೂ ಬಲಗಡೆಯ ಗಾಲಿಗೂ ನಡುವೆ ಒಂದು ಬಾಗಿದ ಉಕ್ಕಿನ ತಂತಿ ಇರುತ್ತದೆ, ಮುಂದೊಂದು, ಹಿಂದೊಂದು. ಎಲ್ಲರೂ ಅದನ್ನು ಆಂಟಿ-ರೋಲ್ ಬಾರ್ ಎನ್ನುತ್ತಾರೆ, ಅತ್ತೆ ಅಡ್ಡತಂತಿ ಎನ್ನುತ್ತಾರೆ. ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿದಾಗ ತಂತಿ ತಿರುಚಿಕೊಂಡು ತಡೆಯುತ್ತದೆ. ದಪ್ಪವಾದಷ್ಟೂ ವಾಲುವುದು ಕಡಿಮೆ. ಬಿಸ್ಕತ್ತಿನ ಡಬ್ಬಿಯಲ್ಲಿ ಅತ್ತೆ ತಾವೇ ಬಗ್ಗಿಸಿದ ತಂತಿಗಳಿದ್ದವು. ತೆಳ್ಳಗಿನವಕ್ಕೆ ಬಿಳಿ ದಾರ, ದಪ್ಪನೆಯವಕ್ಕೆ ಕೆಂಪು ದಾರ.

ಹೋದ ವಾರ ಗಾಡಿ ನಾಲ್ಕು ಸಲ ಪಲ್ಟಿ ಹೊಡೆದು ಜೀರುಂಡೆಯ ಹಾಗೆ ಬೆನ್ನ ಮೇಲೆ ಬಿದ್ದಿತ್ತು. ನಾಲ್ಕು ಸಲವೂ ಸೊಸೆ ತಿರುಗಿ ನೋಡಿದ್ದು ಪುಟ್ಟಿಯತ್ತ. ಶನಿವಾರ ಸಂಜೆ ಅತ್ತೆ, "ಬಿಳಿ ದಾರದ್ದು ಎರಡು ಹಾಕಿ ಬಿಗಿ ಮಾಡ್ತಿರು, ನಾನು ಮಗೂಗೆ ಸ್ನಾನ ಮಾಡಿಸಿ ಬರ್ತೀನಿ" ಎಂದು ಒಳಗೆ ಹೋದರು. ಅವಳ ಕೈ ಬಿಳಿ ದಾರದ ಮೇಲೆ ಹೋಯಿತು, ನಿಂತಿತು, ಕೆಂಪು ದಾರ ಎತ್ತಿಕೊಂಡಿತು. ಹೇಳಲಿಲ್ಲ. ಬೀಳದಿದ್ದರೆ ಸಾಕಲ್ಲ!

ಭಾನುವಾರ ಮಧ್ಯಾಹ್ನ ನೀರಿನ ಟ್ಯಾಂಕಿನ ಹಿಂದಿನ ಓಟದ ಬಯಲು ಅರೆನಿದ್ದೆಯಲ್ಲಿದ್ದಂತಿತ್ತು. ಗಾಡಿಗಳು ಎಬ್ಬಿಸಿದ ಧೂಳು ಕೆಳಗಿಳಿಯಲು ಮನಸ್ಸಿಲ್ಲದೆ ಬಿಸಿಲಿನಲ್ಲಿ ತೇಲುತ್ತಿತ್ತು. ಚಾಪೆಯ ಮೇಲೆ ಪುಟ್ಟಿ, ಪುಟ್ಟಿಯ ಬೆನ್ನಿಗೆ ದಿಂಬು. ಪಕ್ಕದಲ್ಲಿ ಅವಳು, ಕೈಯಲ್ಲಿ ಫೋನು. ಮಾಲೀಕರಿಗೆ ಏನು ಹೇಳಬೇಕೆಂದು ಇನ್ನೂ ತಿಳಿಯದು.

ಮೊದಲ ಓಟ ಶುರುವಾಯಿತು. ಗಾಡಿ ಪಲ್ಟಿ ಹೊಡೆಯಲಿಲ್ಲ. ಆದರೆ ಎಲ್ಲಿಗೂ ಹೋಗಲೂ ಇಲ್ಲ. ಎಡಗಾಲಿ ಉಬ್ಬು ಹತ್ತಿದರೆ ಬಲಗಾಲಿಯೂ ಜೊತೆಗೇ ಮೇಲೆದ್ದು ಗಾಳಿಯಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಗಾಡಿ ಕುಪ್ಪಳಿಸಿತು, ಜಾರಿತು, ಬೇಲಿಗೆ ಮೂತಿ ಇಟ್ಟು ನಿಂತಿತು.

"ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣ ಅಂದ್ರೆ ನಿಮಗೆ ಮೀಸೆನೇ ಇಲ್ವಲ್ಲ ಅಕ್ಕಾ!" ಬೇಕರಿಯವರು ಕೂಗಿದರು.

"ನಿನಗಿದೆಯಲ್ಲ, ಅದರ ತುಂಬ ಮೈದಾ. ಮೊದಲು ಒರೆಸ್ಕೋ ಹೋಗು!"

ಅತ್ತೆ ಗಾಡಿ ತಂದು ಹಲಗೆಯ ಮೇಲಿಟ್ಟು, ಎಡಗಾಲಿಯನ್ನು ಒಂದೇ ಬೆರಳಿನಿಂದ ಎತ್ತಿದರು. ಬಲಗಾಲಿಯೂ ಎದ್ದು ಬಂತು. ಬಗ್ಗಿ ನೋಡಿದರು: ಕೆಂಪು ದಾರ.

"ನಾನು ಹೇಳಿದ್ದು ಇದಲ್ವಲ್ಲ."

ಅವಳ ಮುಖ ಚಿಕ್ಕದಾಯಿತು. "ನಾನೇ ಅತ್ತೆ. ಬೀಳದೇ ಇರ್ಲಿ ಅಂತ..."

ಬೈಗುಳ ಬರುತ್ತದೆಂದು ಅವಳು ಕಾದಳು. ಅತ್ತೆ ನಕ್ಕರು. "ನುಣ್ಣಗಿರೋ ನೆಲಕ್ಕಾದ್ರೆ ನೀನು ಹಾಕಿದ್ದೇ ಸರಿ ಕಣೇ. ಈ ಹಾಳು ಗುಂಡಿಗಳಲ್ಲಿ ಒಂದೊಂದು ಗಾಲಿಗೂ ಅದರದರ ಪಾಡಿಗೆ ಏರಿ ಇಳಿಯೋಕೆ ಬಿಡಬೇಕು. ಸ್ವಲ್ಪ ವಾಲುತ್ತೆ, ವಾಲ್ಲಿ. ಬಾ, ಬಿಚ್ಚು. ಆ ದಿಂಬು ಇತ್ತ ಕೊಡು, ಮಂಡಿ ಸಾಯ್ತಿದೆ."

"ಅತ್ತೆ, ಅದು ಮಗೂದು..."

"ಮಗೂಗೆ ಮಂಡಿನೋವಾ? ಎರಡನೇ ಓಟಕ್ಕೆ ಹತ್ತೇ ನಿಮಿಷ ಇರೋದು!"

ದಿಂಬು ಬಿಚ್ಚಿಕೊಂಡು ಅತ್ತೆಯ ಮಂಡಿಯಡಿಗೆ ಹೋಯಿತು. ಬಿಳಿ ದಾರದ ತಂತಿಗಳು ಬಂದವು. ತಂತಿಯ ಎರಡು ತುದಿಗಳ ಕೊಂಡಿಯೂ ಒಂದೇ ಉದ್ದವಿರಬೇಕು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಅವಳು ಉಸಿರು ಬಿಗಿಹಿಡಿದು ತಿರುಪು ತಿರುಗಿಸಿದಳು. ಅತ್ತೆಯ ಸುಕ್ಕು ಬೆರಳು, ಅವಳ ಬೆರಳು, ನಡುವೆ ಸಾಸಿವೆ ಗಾತ್ರದ ತಿರುಪು. ಬಯಲಿನ ಸದ್ದೆಲ್ಲ ನೀರಿನಡಿಯಿಂದ ಬಂದಂತಿತ್ತು.

ಹಿಂದೆ ಧಪ್ಪೆಂದಿತು.

ಅವಳ ಎರಡೂ ಕೈಗಳು ಕೆಲಸದಲ್ಲಿದ್ದವು. ಬಿಟ್ಟರೆ ತಿರುಪು ಮಣ್ಣುಪಾಲು. ತಿರುಗಿ ನೋಡಿದಳಷ್ಟೇ. ಗಾಡಿ ಸಾಮಾನು ತುಂಬಿದ ಚೀಲ ಹಿಡಿದು ನಿಂತಿದ್ದ ಪುಟ್ಟಿ ಕುಕ್ಕರುಬಡಿದು ಕೂತಿತ್ತು. ಅಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿತು. ಹೊರಳಿತು, ಮಂಡಿಯೂರಿತು, ಚೀಲ ಹಿಡಿದು ಮತ್ತೆ ನಿಂತಿತು.

ಅವಳು ಉಳಿದ ತಿರುಪನ್ನು ಪೂರ್ತಿ ಬಿಗಿದಳು. ಅತ್ತೆ ಎಡಗಾಲಿ ಎತ್ತಿದರು. ಅದು ಅರ್ಧ ಬೆರಳು ಮೇಲೆ ಬಂದ ನಂತರವೇ ಬಲಗಾಲಿ ಹಗುರವಾಗಿ ಅಲುಗಿತು.

"ಹಾಂ. ಇದು ಬಿಳಿ ದಾರ" ಎಂದು ಅತ್ತೆ ರಿಮೋಟ್ ಹಿಡಿದು ಎದ್ದರು.

ಗಾಡಿ ಈಗ ಉಬ್ಬುಗಳ ಮೇಲೆ ಹರಿಯಿತು. ಒಂದು ಗಾಲಿ ಗುಂಡಿಯಲ್ಲಿ, ಒಂದು ದಿಬ್ಬದಲ್ಲಿ, ಮೈ ಮಾತ್ರ ತೂಕಡಿಸುವವರ ಹಾಗೆ ಒಮ್ಮೆ ಅತ್ತ, ಒಮ್ಮೆ ಇತ್ತ. ಅವಳು ಫೋನು ಎತ್ತಿದಳು. ಅತ್ತ ಅಂಗಡಿಯ ಫೋನು ಮೂರು ಸಲ ರಿಂಗಾಯಿತು.

"ಸರ್, ನಾನು. ನಾಳೆಯಿಂದ ಬರ್ತೀನಿ."

"ಒಳ್ಳೇದಮ್ಮಾ! ಇನ್ನೇನು ಬರಲ್ಲ ಅಂದ್ಕೊಂಡಿದ್ದೆ. ಮಗು ಯಾರ ಹತ್ರ?"

"ಅತ್ತೆ ಹತ್ರ."

ಅಷ್ಟರಲ್ಲಿ ಒಂದು ಸದ್ದು. ಬಯಲಿನಲ್ಲಿ ಬೇಕರಿಯವರು ಓಹೋ ಎಂದರು.

"ಏನದು? ಏನಾದ್ರೂ ಬಿತ್ತಾ?" ಮಾಲೀಕರು ಕೇಳಿದರು.

ಅವಳು ಧೂಳಿನತ್ತ ನೋಡಿದಳು, ಚಾಪೆಯತ್ತ ನೋಡಿದಳು.

"ಹೂಂ ಸರ್, ಬಿತ್ತು" ಎಂದಳು. "ಏಳುತ್ತೆ ಬಿಡಿ. ನಾಳೆ ಎಷ್ಟು ಗಂಟೆಗೆ ಬರ್ಲಿ?"