ಮೊಳೆಯಲ್ಲಿ ತೂಗುವ ಹಳೆಯ ಕಾರ್ಡು: ಶ್ರೀಮತಿ ಪಿ. ಶಶಿರೇಖಾ ಅವರ ಡ್ರೈವರ್ ಕಿಟಕಿ

ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವವರ ಪೈಕಿ ಶ್ರೀಮತಿ ಪಿ. ಶಶಿರೇಖಾ ಅವರ ಹೆಸರು ಕೇಳಿದವರು ಕಡಿಮೆ. ಅವರು ಪಟ್ಟು ಹಿಡಿದು ತಿದ್ದಿಸಿದ, ಕಂಪ್ಯೂಟರ್ ಪರದೆಯ ಮೇಲೆ ತೆರೆಯುವ ಒಂದು ಪುಟ್ಟ ಕಿಟಕಿಯಿಂದ ಉಪಕಾರ ಪಡೆದವರು ಬಹಳ. ಪರದೆ, ಪ್ರಿಂಟರು, ವೈಫೈಗಳು ಕಂಪ್ಯೂಟರಿನ ಮಾತು ಕೇಳುವಂತೆ ಮಾಡುವ ತಂತ್ರಾಂಶವೇ ಡ್ರೈವರ್. ಅದನ್ನು ಬದಲಾಯಿಸುವ ಕೆಲಸವನ್ನು, ಆಜ್ಞೆಗಳನ್ನು ಟೈಪು ಮಾಡಲು ಬಾರದವರೂ ಮೌಸ್ ಹಿಡಿದು ನಿರ್ಭಯವಾಗಿ ಮಾಡುವಂತಾಗಬೇಕೆಂಬುದು ಅವರ ಹಟ. ದೊಡ್ಡಬಳ್ಳಾಪುರದ ಸರ್ಕಾರಿ ತಾಂತ್ರಿಕ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಬೋಧಕರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವಾಗ ಆ ಹಟದ ಮೂಲವನ್ನು ಹೇಳಲೇಬೇಕು. ಅದು ಅವರದೇ ಒಂದು ತಪ್ಪು.

ಅವರು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ಸೀರೆಗೆ ಹೊಸ ಅಂಚು ನೇಯಲು ವಿನ್ಯಾಸವನ್ನು ತೂತುಗಳಲ್ಲಿ ಕೊರೆದ ಹೊಸ ಡಿಸೈನ್ ಕಾರ್ಡುಗಳನ್ನು ಮಗ್ಗಕ್ಕೆ ಏರಿಸಿದಾಗ, ತಂದೆ ಪಾಪಯ್ಯನವರು ಹಳೆಯ ಕಾರ್ಡಿನ ಸರವನ್ನು ಮಗ್ಗದ ಪಕ್ಕದ ಮೊಳೆಗೇ ತೂಗುಹಾಕುತ್ತಿದ್ದರು. ಹೊಸ ಅಂಚು ಒಂದು ಗೇಣು ಸರಿಯಾಗಿ ಬರುವವರೆಗೆ ಅದನ್ನು ಅಟ್ಟಕ್ಕೆ ಹಾಕುವಂತಿರಲಿಲ್ಲ.

೨೦೧೯ರ ಒಂದು ಶನಿವಾರ. ಸೋಮವಾರ ಪ್ರಾಯೋಗಿಕ ಪರೀಕ್ಷೆ. ಆಗಿನ ಡ್ರೈವರ್ ಕಿಟಕಿಯಲ್ಲಿ ಪರದೆಯ ಹೊಸ ಡ್ರೈವರಿನ ಮುಂದೆ ‘ಶಿಫಾರಸು ಮಾಡಲಾಗಿದೆ’ ಎಂದಿತ್ತು. ಮೇಡಂ ನಂಬಿದರು, ಇಪ್ಪತ್ನಾಲ್ಕು ಕಂಪ್ಯೂಟರುಗಳಲ್ಲೂ ಗುಂಡಿ ಒತ್ತಿದರು. ಮರುಚಾಲನೆಯಾದಾಗ ಇಪ್ಪತ್ನಾಲ್ಕು ಪರದೆಗಳೂ ಕಪ್ಪು. ಹಿಂದಕ್ಕೆ ಹೋಗುವ ಗುಂಡಿ ಇದ್ದದ್ದು ಆ ಕಪ್ಪಿನ ಒಳಗೇ.

“ಏನ್ ಮೇಡಂ, ಎಲ್ಲಕ್ಕೂ ಒಂದೇ ಸಲ ಗ್ರಹಣ ಹಿಡಿಸ್ಬಿಟ್ರಾ?” ಎಂದು ಸಹೋದ್ಯೋಗಿ ಉಮಾಶಂಕರ್ ನಕ್ಕರು. ಮನೆಯಲ್ಲಿ ತಂದೆ ನಗಲಿಲ್ಲ. “ಇಪ್ಪತ್ನಾಲ್ಕು ಮಗ್ಗಕ್ಕೂ ಒಂದೇ ದಿನ ಕಾರ್ಡು ಬದ್ಲಾಯ್ಸಿದ್ಯಾ? ನಮ್ಮನೇಲಿ ಹುಟ್ಟಿ?”

ಭಾನುವಾರವಿಡೀ ಮೇಡಂ, ಉಮಾಶಂಕರ್ ಇಬ್ಬರೂ ಪ್ರಯೋಗಾಲಯದಲ್ಲಿ ಕೂತು, ಆಜ್ಞೆಗಳನ್ನು ಟೈಪಿಸಿ ಹದಿನೆಂಟನ್ನು ಎಬ್ಬಿಸಿದರು. ಆರು ಏಳಲಿಲ್ಲ. ಸೋಮವಾರ ಆರು ವಿದ್ಯಾರ್ಥಿಗಳು ಮಧ್ಯಾಹ್ನದ ಸರದಿಗೆ ಕಾಯಬೇಕಾಯಿತು. ಮೇಡಂ ಆ ವಿದ್ಯಾರ್ಥಿಗಳನ್ನು ತಮ್ಮ ಕೊಠಡಿಯಲ್ಲಿ ಕೂರಿಸಿ, ಮನೆಯಿಂದ ಚಿತ್ರಾನ್ನ ತರಿಸಿ ಬಡಿಸಿದರು. ವರದಿಯಲ್ಲಿ ‘ತಪ್ಪು ಯಂತ್ರದ್ದಲ್ಲ, ನನ್ನದು’ ಎಂದು ಬರೆದು ಸಹಿ ಹಾಕಿದರು. ಆ ಆರು ಮಂದಿಯಲ್ಲೊಬ್ಬಳು ನವ್ಯಶ್ರೀ.

ಆದರೆ ಇನ್ನೊಂದು ಊರಿನ ಇನ್ನೊಂದು ಪರೀಕ್ಷೆಯಲ್ಲೂ ಹೀಗೇ ಆಗಬಹುದೆಂಬ ಯೋಚನೆ ಅವರನ್ನು ಬಿಡಲಿಲ್ಲ. ಆ ಕಿಟಕಿಯನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೆ ಪತ್ರ ಬರೆದರು. ಆಜ್ಞೆ ಟೈಪಿಸಿದರೆ ಸರಿಹೋಗುತ್ತದಲ್ಲ ಎಂದು ಉತ್ತರ ಬಂತು. ಟೈಪಿಸಲು ಬಲ್ಲವರಿಗೆ ಕಿಟಕಿಯೇಕೆ ಎಂದು ಇವರು ಮರಳಿ ಕೇಳಿದರು. ಸೀರೆಯ ವಿನ್ಯಾಸ ಬಿಡಿಸುವ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕಿಟಕಿಯನ್ನು ಚೌಕಚೌಕವಾಗಿ ಬರೆದು ಕಳಿಸಿದರು: ಹಳೆಯ ಡ್ರೈವರ್ ಅಳಿಯಬಾರದು, ಮರುಚಾಲನೆಯಾದ ಮೇಲೆ ‘ಪರದೆ ಸರಿಯಾಗಿ ಕಾಣುತ್ತಿದೆಯೇ?’ ಎಂದು ಕೇಳಬೇಕು. ಒಂದು ನಿಮಿಷ ಯಾರೂ ‘ಹೌದು’ ಒತ್ತದಿದ್ದರೆ ಹಳೆಯದು ತಾನಾಗಿ ಮರಳಬೇಕು. ಕಾಣದವನು ‘ಇಲ್ಲ’ ಒತ್ತುವುದಾದರೂ ಹೇಗೆ? ಮೌನವನ್ನೇ ‘ಇಲ್ಲ’ ಎಂದು ತಿಳಿಯಬೇಕು.

ಅಷ್ಟರಲ್ಲಿ ಓದು ಮುಗಿಸಿದ್ದ ನವ್ಯಶ್ರೀಯೇ ಅದಕ್ಕೆ ಕೋಡ್ ಬರೆದಳು. ಎರಡು ವರ್ಷದ ವಾದದ ನಂತರ ಸ್ವಯಂಸೇವಕರು ಅದನ್ನು ಸ್ವೀಕರಿಸಿ ಎಲ್ಲರ ಕಿಟಕಿಗೂ ಸೇರಿಸಿದರು.

ಕಳೆದ ತಿಂಗಳು, ಮೇಡಂ ನಿವೃತ್ತಿಯ ನಂತರ ಅವರ ಜಾಗ ತುಂಬಲೆಂದು ಮೊದಲೇ ಬಂದು ಸೇರಿದ್ದ ಅಕ್ಷತ, ಮತ್ತೊಂದು ಪರೀಕ್ಷೆಯ ಮುನ್ನಾದಿನ, ಉತ್ಸಾಹದಿಂದ ಇಪ್ಪತ್ನಾಲ್ಕರಲ್ಲೂ ಗುಂಡಿ ಒತ್ತಿದರು. ಎಲ್ಲ ಕಪ್ಪಾದವು.

“ಮೇಡಂ, ಎಲ್ಲಾ ಹೋಯ್ತು! ನಾಳೆ ಏನ್ ಮಾಡ್ಲಿ?”

“ಏನೂ ಮಾಡ್ಬೇಡ ಕಣಮ್ಮ. ಕೈ ಕಟ್ಕೊಂಡು ಕೂತ್ಕೋ.”

ಹಾಗೆಂದ ಮೇಡಂ ತಾವು ಮಾತ್ರ ಕೂರಲಿಲ್ಲ. ಗೋಡೆ ಗಡಿಯಾರದ ಮುಳ್ಳನ್ನೇ ನೋಡುತ್ತ ನಿಂತರು. ಒಂದು ನಿಮಿಷ ತುಂಬುತ್ತಲೇ ಮೊದಲು ಬಾಗಿಲ ಬಳಿಯದು, ಆಮೇಲೆ ಅದರ ಪಕ್ಕದ್ದು, ಹೀಗೆ ಸಾಲಾಗಿ ಇಪ್ಪತ್ನಾಲ್ಕೂ ಬೆಳಗಿದವು. ಅಕ್ಷತ ಕಣ್ಣೊರೆಸಿಕೊಂಡರು. “ಇನ್ಮೇಲೆ ಮೊದ್ಲು ಒಂದ್ರಲ್ಲಿ ನೋಡು,” ಎಂದಷ್ಟೇ ಹೇಳಿ ಮೇಡಂ ಹಾಜರಿ ಪುಸ್ತಕ ತೆರೆದರು.

ಅವರ ಗ್ರಾಫ್ ಪುಸ್ತಕದಲ್ಲಿ ಪ್ರಿಂಟರ್ ಡ್ರೈವರಿನ ಕಿಟಕಿ ಇನ್ನೂ ಅರ್ಧ ಪೆನ್ಸಿಲಿನಲ್ಲೇ ಇದೆ. ಮುಂದಿನ ಹಾಳೆಗಳು ಖಾಲಿ. ಆ ಹಾಳೆಗಳೆಲ್ಲ ತುಂಬುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ. ತುಂಬಿದ ಮೇಲೆ ಹೊಸ ಪುಸ್ತಕ ತಂದುಕೊಡಲು ನಾವಿದ್ದೇವೆ. ಹಳೆಯದನ್ನು ಮಾತ್ರ ಅವರು ಅಟ್ಟಕ್ಕೆ ಹಾಕಲಾರರು.