ಒಂದು ಗಾಳಿಗೆ ಕಾದವಳು

ಧಾರೆಯ ಹೊತ್ತಿನಲ್ಲಿ ಮದುವಣಗಿತ್ತಿ ತಲೆ ತಗ್ಗಿಸಿರಬೇಕು. ನನ್ನ ಅತ್ತಿಗೆ ತಲೆ ಎತ್ತಿಕೊಂಡು ನಿಂತಿದ್ದಳು. ಬಾಸಿಂಗ ಹಿಂದಕ್ಕೆ ಜಾರಿತ್ತು, ಕತ್ತಿನ ನರ ಎದ್ದಿತ್ತು, ಗಲ್ಲದ ಕೆಳಗೆ ಅಂಟಿದ್ದ ಒಂದು ಅಕ್ಷತೆ ಕಾಳು ಎಲ್ಲರಿಗೂ ಕಾಣುತ್ತಿತ್ತು. ಅವಳು ನೋಡುತ್ತಿದ್ದದ್ದು ಮಾಗಡಿಯ ಆ ಛತ್ರದ ಶೀಟಿನ ಛಾವಣಿಯನ್ನು. "ಮ್ಯಾಲೇನವ್ವ ಐತೆ? ಗಂಡ ಪಕ್ಕದಲ್ಲವ್ನೆ" ಎಂದು ಮುದುಕಿಯೊಬ್ಬಳು ರೇಗಿಸಿದಳು. ಜನ ಗೊಳ್ಳೆಂದರು. ಅತ್ತಿಗೆ ಮಾತ್ರ ಕಳಸ ಹಿಡಿದು ನಿಂತಿದ್ದ ನನ್ನ ಕಡೆಗೆ ಒಸಿ ವಾಲಿ, ತುಟಿ ಅಲ್ಲಾಡಿಸದೆ, "ಆ ಮೂಲೇಲಿ ಎರಡು ಬೋಲ್ಟ್ ಹಾಕೇ ಇಲ್ಲ ಕಣೆ" ಎಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನಮ್ಮಣ್ಣನಿಗೆ ತಕ್ಕವಳೇ ಸಿಕ್ಕಳು ಎಂದುಕೊಂಡೆ.

ಅಣ್ಣನದು ಬಿಡದಿಯಲ್ಲಿ ಕಬ್ಬಿಣದ ಶೆಡ್ಡು ಕಟ್ಟಿಕೊಡುವ ವರ್ಕ್‌ಶಾಪು. ಅತ್ತಿಗೆ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಬಂದ ತಿಂಗಳಲ್ಲೇ ವರ್ಕ್‌ಶಾಪಿನ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಳು. ಅಲ್ಲಿಯವರೆಗೆ ಕಣ್ಣಂದಾಜಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಲೆಕ್ಕ ಬಂತು, ಅಣ್ಣನಿಗೆ ತಲೆನೋವೂ ಬಂತು. ಪೆನ್ಸಿಲ್ಲನ್ನು ಜಡೆಗೆ ಸಿಕ್ಕಿಸಿಕೊಂಡು ಇಡೀ ಮನೆ ಹುಡುಕುವಳು. ಕಾಫಿ ಆರಿ ಕೆನೆಗಟ್ಟಿದ ಮೇಲೆಯೇ ಕುಡಿಯುವಳು. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಮೊದಲು ಮೇಲೆ ನೋಡುವಳು, ಆಮೇಲೆ ಮನೆಯವರನ್ನು ಮಾತಾಡಿಸುವಳು. ಬೀಗರ ಊಟಕ್ಕೆ ಹೋದಲ್ಲೂ ಹೀಗೆ ಮಾಡಿ, "ಸೊಸೆ ನಮ್ಮನೆ ಜೇಡರಬಲೆ ಎಣಿಸ್ತವಳೆ" ಎಂದು ಅನ್ನಿಸಿಕೊಂಡಿದ್ದಳು.

ಶೆಡ್ಡು ಬೇಕೆಂದು ಬಂದವರು ಉದ್ದ ಹೇಳುತ್ತಾರೆ, ಅಗಲ ಹೇಳುತ್ತಾರೆ, ಶೀಟು ನೀಲಿಯೋ ಹಸಿರೋ ಎಂದು ಚರ್ಚೆ ಮಾಡುತ್ತಾರೆ. ಅತ್ತಿಗೆ ಕೇಳುತ್ತಿದ್ದದ್ದೇ ಬೇರೆ. "ಒಳಗೆ ಯಾರಿರ್ತಾರೆ?"

ಒಮ್ಮೆ ಚನ್ನಪಟ್ಟಣದ ಕಡೆಯ ಕೋಳಿ ಫಾರಮ್ಮಿನವರು ಬಂದಿದ್ದರು. ಅವರಿಗೂ ಇದೇ ಪ್ರಶ್ನೆ. "ಇನ್ಯಾರವ್ವ, ಕೋಳಿಗಳು" ಎಂದು ಅವರು ನಕ್ಕರು.

"ನೀವು ಇರಾಕಿಲ್ವಾ? ಆಳುಗಳು ಮಲಗಾಕಿಲ್ವಾ?"

"ಅಯ್ಯೋ, ಆ ವಾಸ್ನೇಲಿ ಯಾರಿರ್ತಾರೆ? ಕಾಳು ನೀರು ಹಾಕ್ಬುಟ್ಟು ಬಂದ್ಬುಡ್ತೀವಿ."

ಅತ್ತಿಗೆ ತಲೆಯಾಡಿಸಿ ಹಗುರವಾದ ಲೆಕ್ಕವನ್ನೇ ಹಿಡಿದಳು. ಕಬ್ಬಿಣ ತುಂಬಿಸಿ ಕೈತೊಳೆದುಕೊಳ್ಳುವ ಜಾತಿಯವಳಲ್ಲ ಅವಳು. ಎಲ್ಲಿ ಎಷ್ಟು ಬೇಕೋ ಅಷ್ಟು. ನನಗೆ ಅದನ್ನು ತಿಳಿಸಿಕೊಟ್ಟವಳೂ ಅವಳೇ. ಛಾವಣಿಯ ಮೇಲಿನ ಭಾರ ಅಂದರೆ ಶೀಟು, ಕಬ್ಬಿಣ, ರಿಪೇರಿಗೆ ಹತ್ತಿದ ಆಳು ಇಷ್ಟೇ ಎಂದು ನಾನು ತಿಳಿದಿದ್ದೆ. ಗಾಳಿಯೂ ಭಾರವೇ ಎಂದಳು. ಎಂಥ ಗಾಳಿಗೆ ಲೆಕ್ಕ ಹಾಕಬೇಕು ಎನ್ನುವುದಕ್ಕೆ ಕೋಡ್ ಪುಸ್ತಕವಿದೆ. ಅದು ಊರು ಯಾವುದು ಎಂದು ಕೇಳುತ್ತದೆ, ಬಯಲೋ ತೋಪೋ ಗುಡ್ಡವೋ ಎಂದು ಕೇಳುತ್ತದೆ, ಕೊನೆಗೆ ಕಟ್ಟಡ ಯಾತಕ್ಕೆ ಎಂದು ಕೇಳುತ್ತದೆ. ಜನವಾಸವಿಲ್ಲದ ಬೇಸಾಯದ ಕಟ್ಟಡವಾದರೆ ಇಪ್ಪತ್ತೈದು ವರ್ಷದ ಲೆಕ್ಕ. ಜನ ಇರುವುದಾದರೆ ಐವತ್ತು. ಆಸ್ಪತ್ರೆಯಂಥದ್ದಾದರೆ ನೂರು. "ಐವತ್ತು ಅಂದ್ರೆ ಐವತ್ತು ವರ್ಷಕ್ಕೆ ಬಿದ್ದೋಯ್ತದೆ ಅಂತಲ್ಲ ಕಣೆ. ಐವತ್ತು ವರ್ಷದಲ್ಲಿ ಒಂದ್ಸಲ ಬರಬಹುದಾದ ದೊಡ್ಡ ಗಾಳಿಗೂ ತಯಾರಾಗಿರ್ಬೇಕು ಅಂತ." ಗಾಳಿ ಯಾವತ್ತು ಬೇಕಾದರೂ ಬರಬಹುದು, ನಾಳೆಯೇ ಬರಬಹುದು ಎಂದೂ ಸೇರಿಸಿದಳು. ಆಗ ಇದೆಲ್ಲ ನನಗೆ ಪಾಠದಂತೆ ಕೇಳಿಸಿತ್ತು.

ನನ್ನನ್ನು ಕೊಟ್ಟಿದ್ದು ಕನಕಪುರದ ಹತ್ತಿರದ ಹಳ್ಳಿಗೆ, ರೇಷ್ಮೆ ಸಾಕುವ ಮನೆಗೆ. ನಮ್ಮ ಹುಳದ ಮನೆ ಹಳೆಯದು, ಗೋಡೆಯ ಮೇಲೆ ಶೀಟು ಇಟ್ಟು ಕಲ್ಲು ಹೇರಿದ್ದು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲಿನ ನಿದ್ದೆಗೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಗಲು ಇರುಳು ಎನ್ನದ ಹಸಿವು. ಆ ಒಂದು ವಾರ ನಾನೂ ನನ್ನ ಓರಗಿತ್ತಿಯೂ ಅಡುಗೆಮನೆಯನ್ನು ಗಂಡಸರಿಗೆ ಬಿಟ್ಟು ಹುಳದ ಮನೆಯಲ್ಲೇ ಇರುತ್ತೇವೆ. ಸೊಪ್ಪು ಹಾಕುವುದು, ಅಲ್ಲೇ ಚಾಪೆಯ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುವುದು, ಎದ್ದು ಮತ್ತೆ ಸೊಪ್ಪು ಹಾಕುವುದು. ನಮ್ಮ ಕಡೆಯ ರೇಷ್ಮೆ ಹೆಂಗಸರೆಲ್ಲ ಹೀಗೆಯೇ.

ಯುಗಾದಿ ಕಳೆದ ಮೇಲೆ ಒಂದು ಸಂಜೆ, ನಾವಿಬ್ಬರೂ ಒಳಗಿದ್ದಾಗ ಗಾಳಿ ಬಂತು. ಶೀಟುಗಳು ಹಪ್ಪಳದ ಹಾಗೆ ಎದ್ದು ಹೋದವು. ಮೇಲಿದ್ದ ಕಲ್ಲೊಂದು ನನ್ನ ಚಾಪೆಯ ಮೇಲೆಯೇ ಬಿತ್ತು. ನಾನು ಆಗಷ್ಟೇ ಸೊಪ್ಪು ತರಲು ಎದ್ದಿದ್ದೆ. ಹುಳದ ತಟ್ಟೆಗಳ ಸ್ಟ್ಯಾಂಡಿನ ಕೆಳಗೆ ನುಸುಳಿ ಇಬ್ಬರೂ ಬದುಕಿದೆವು. ಇನ್ನೆರಡು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳವೆಲ್ಲ ನೆನೆದು ಸತ್ತವು.

ಮಾರನೆಯ ದಿನ ಅತ್ತಿಗೆ ಮೊದಲ ಬಸ್ಸಿಗೇ ಬಂದಳು. ಅಳಲಿಲ್ಲ, ಸಮಾಧಾನ ಹೇಳಲಿಲ್ಲ. "ಎಲ್ಲಿ ಮಲಗ್ತಿದ್ದೆ ತೋರ್ಸು" ಎಂದಳು. ತೋರಿಸಿದೆ. ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಆ ಒದ್ದೆ ಚಾಪೆಯ ಮೇಲೆ ಸೀರೆಯೊಂದಿಗೇ ಅಂಗಾತ ಮಲಗಿ, ಛಾವಣಿ ಇದ್ದ ಜಾಗದಲ್ಲಿದ್ದ ಆಕಾಶವನ್ನು ಬಹಳ ಹೊತ್ತು ನೋಡಿದಳು. ಎದ್ದು ಕೂತಾಗ ಅವಳ ಮುಖ ಬಿಳುಚಿಕೊಂಡಿತ್ತು. ನಮ್ಮೂರವರಿಗೆ ಇಂಜಿನಿಯರಮ್ಮನಿಗೆ ಸುಸ್ತಾಗಿದೆ ಅನ್ನಿಸಿತಂತೆ. ನನಗೆ ಮಾತ್ರ ಗೊತ್ತಿತ್ತು, ಅವಳು ಹೆದರಿದ್ದಳು, ನನಗಾಗಿ.

ಹೊಸ ಶೆಡ್ಡು ನಾವೇ ಕಟ್ಟಿಕೊಡೋಣ ಎಂದು ಅಣ್ಣನೇ ಹೇಳಿದ. ಜಗಳ ಬಂದದ್ದು ಲೆಕ್ಕದಲ್ಲಿ. ಬಿಡದಿಯ ಆ ಕೋಣೆಯಲ್ಲಿ ಇಬ್ಬರೂ ನನ್ನನ್ನು ಮಧ್ಯೆ ಕೂರಿಸಿಕೊಂಡು ಆಡಿದ ಮಾತು ನೆನಪಿದೆ.

"ನಮ್ ಕಡೆ ಗಾಳಿ ಕಮ್ಮಿ ಅಂತ ನಿನ್ ಪುಸ್ತಕದ ಮ್ಯಾಪಲ್ಲೇ ಐತಲ್ಲೇ. ಹುಳದ ಮನೆ ಅಂದ್ರೆ ಬೇಸಾಯದ್ದು. ಕೊಟ್ಟಿಗೆ ಲೆಕ್ಕ ಹಾಕು ಸಾಕು."

"ಕೊಟ್ಟಿಗೇಲಿ ನಿಮ್ ತಂಗಿ ಮಲಗ್ತಾಳೇನ್ರೀ?"

"ಅವ್ಳೇನು ಅಲ್ಲೇ ಸಂಸಾರ ಮಾಡ್ತಾಳಾ? ಬೆಳೆಗೊಂದು ವಾರ ಅಷ್ಟೇಯ."

"ಗಾಳಿ ಬರಾಕೆ ಒಂದು ಸಂಜೆ ಸಾಕು ಕಣ್ರೀ. ಆ ಪುಸ್ತಕ ಬರೆದೋರು ರೇಷ್ಮೆ ಹುಳ ನೋಡಿರ್ಬೋದು. ಜ್ವರ ಎದ್ದ ಹುಳದ ಪಕ್ಕ ಮಲಗೋ ಹೆಂಗಸ್ರನ್ನ ನೋಡಿಲ್ಲ."

ಅತ್ತಿಗೆ ಐವತ್ತನ್ನೇ ಹಿಡಿದಳು. ಅಷ್ಟಕ್ಕೇ ಬಿಡಲಿಲ್ಲ. ಹುಳಕ್ಕೆ ಗಾಳಿಯಾಡಬೇಕು, ಕಿಟಕಿಗಳು ಯಾವಾಗಲೂ ತೆರೆದೇ ಇರುತ್ತವೆ, ಆದ್ದರಿಂದ ಮುಚ್ಚಿದ ಕಟ್ಟಡದ ಲೆಕ್ಕ ಇದಕ್ಕೆ ಹೊಂದುವುದಿಲ್ಲ ಎಂದಳು. ಒಳನುಗ್ಗಿದ ಗಾಳಿ ಛಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. "ಕೊಡೆ ಮಗುಚಿಕೊಳ್ಳೋದು ನೋಡಿದ್ದೀಯಲ್ಲ, ಅಂಗೇಯ." ಛಾವಣಿ ಬೀಳುವುದಕ್ಕಿಂತ ಹಾರುವುದಕ್ಕೆ ಹೆಚ್ಚು ಹೆದರಬೇಕು ಎಂದು ಆವತ್ತು ಕಲಿತೆ.

ದಸರಾ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದು ಮಜ್ಜಿಗೆ ಕುಡಿದಳು, ಜೀರಿಗೆ ಅಗಿದಳು. ನಕ್ಷೆ ಮುಗಿದಿರಲಿಲ್ಲ, ಆಸ್ಪತ್ರೆಗೆ ಹೋಗಲು ಪುರುಸೊತ್ತಿರಲಿಲ್ಲ. ಕೊನೆಗೆ ಬೆಂಗಳೂರಿಗೆ ಹೋದಾಗ ಗಡ್ಡೆ ದೊಡ್ಡದಾಗಿತ್ತು. ಡಾಕ್ಟರು ಅಣ್ಣನನ್ನು ಹೊರಗೆ ಕರೆದರಂತೆ. "ನನ್ ಮುಂದೇನೇ ಹೇಳಿ" ಎಂದಳಂತೆ ಅತ್ತಿಗೆ. ಬೇಸಿಗೆ ದಾಟುವುದು ಕಷ್ಟ ಎಂದರಂತೆ ಅವರು. "ಅಂದ್ರೆ ಯುಗಾದಿ ಮಳೆ ನೋಡ್ಬೋದಾ?" ಎಂದು ಕೇಳಿದಳಂತೆ. ಅಣ್ಣ ನನಗೆ ಇದನ್ನು ಫೋನಿನಲ್ಲಿ ಹೇಳುವಾಗ ನಡುನಡುವೆ ಮಾತು ನಿಲ್ಲಿಸುತ್ತಿದ್ದ. ನಾನು ಹಲೋ ಹಲೋ ಎನ್ನುತ್ತಿದ್ದೆ.

ಬಿಡದಿಗೆ ಓಡಿದೆ. ಮಂಚದ ಮೇಲೆ ಕೂತು, ದಿಂಬಿನ ಮೇಲೆ ನಕ್ಷೆ ಹರಡಿಕೊಂಡಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಬಿಟ್ಬುಡು ಅತ್ಗೆ. ನಂಗೆ ಶೆಡ್ಡೂ ಬ್ಯಾಡ, ಹುಳಾನೂ ಬ್ಯಾಡ. ನೀನು ಮಲಿಕ್ಕೊ."

"ಮಲಗೋದು ಇದ್ದೇ ಐತೆ. ನಿನ್ ತಲೆ ಮೇಲಿರೋದು ಒಸಿ ಗಟ್ಟಿ ಮಾಡ್ಬುಟ್ಟು ಮಲಗ್ತೀನಿ." ಪೆನ್ಸಿಲ್ಲಿಗಾಗಿ ಜಡೆಗೆ ಕೈ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಬರೀ ಲೆಕ್ಕದಲ್ಲಿ ನಿಂತ್ರೆ ಸಾಲ್ದು ಕಣೆ. ಅದ್ರ ಮೇಲೆ ಒಂದು ಗಾಳಿ ಹೋಗೋದು ನೋಡ್ಬೇಕು. ಒಂದು ಗಾಳಿ ನೋಡ್ಕಂಡು ಹೋಗ್ತೀನಿ, ಅಷ್ಟೇ."

ಅವಳಿಗೆ ಬೇರೇನೂ ಆಸೆ ಇರಲಿಲ್ಲ. ತೀರ್ಥಯಾತ್ರೆ ಬೇಡವೆಂದಳು, ಹರಕೆ ಬೇಡವೆಂದಳು.

ಕಂಬ ನಿಲ್ಲಿಸುವ ದಿನ ಕಾರಿನಲ್ಲಿ ಬಂದಳು. ಔಷಧಿಗೆ ಕೂದಲು ಉದುರಿ ತಲೆಗೆ ಹತ್ತಿ ಬಟ್ಟೆ ಕಟ್ಟಿಕೊಂಡಿದ್ದಳು. ಪೆನ್ಸಿಲ್ಲು ಸಿಕ್ಕಿಸಲು ಜಡೆಯಿಲ್ಲದೆ ಕೈಯಲ್ಲೇ ಹಿಡಿದಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮದುವೆಯ ದಿನದ ಹಾಗೆಯೇ ತಲೆ ಎತ್ತಿ, ಒಂದೊಂದು ಬೋಲ್ಟನ್ನೂ ನೋಡಿದಳು. ಒಂದು ಕಂಬದ ಬುಡ ಸರಿಯಾಗಿ ಕೂತಿಲ್ಲವೆಂದು ಬಿಚ್ಚಿಸಿ ಮತ್ತೆ ಕೂರಿಸಿದಳು. ವೆಲ್ಡಿಂಗಿನವರು ಒಬ್ಬರೂ ಗೊಣಗಲಿಲ್ಲ.

ಸಂಕ್ರಾಂತಿಗೆ ಹಾಲುಕ್ಕಿಸಿದೆವು. ಶೆಡ್ಡು ತಯಾರು, ಗಾಳಿ ಮಾತ್ರ ಇಲ್ಲ. ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಒಂದು ಎಲೆ ಅಲ್ಲಾಡಲಿಲ್ಲ. ಅತ್ತಿಗೆ ದಿನದಿನಕ್ಕೆ ಇಳಿಯುತ್ತಿದ್ದಳು. ಹಿಂದಿನ ವರ್ಷವಷ್ಟೇ ಗಾಳಿಗೆ ಹುಳದ ಮನೆ ಕಳೆದುಕೊಂಡ ನಾನು ಕಬ್ಬಾಳಮ್ಮನ ಮುಂದೆ ಸೆರಗೊಡ್ಡಿ ಗಾಳಿ ಬೇಡಿದೆ. ತಾಯಿ, ಯಾರಿಗೂ ನೋವಾಗದ ಹಾಗೆ ಒಂದೇ ಒಂದು ಗಾಳಿ ಕೊಡು, ಬೇಗ ಕೊಡು ಎಂದೆ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಹೆಂಗಸು ನನ್ನನ್ನು ತಿರುಗಿ ನೋಡಿ, ಮಗುವನ್ನು ಎತ್ತಿಕೊಂಡು ಆಚೆ ಸರಿದಳು.

ಹೊಸ ಮನೆಯ ಮೊದಲ ಬೆಳೆ ನಾಲ್ಕನೇ ಜ್ವರ ಎದ್ದಾಗ ಅತ್ತಿಗೆ ನಮ್ಮಲ್ಲಿಗೆ ಬರುತ್ತೇನೆಂದು ಹಟ ಹಿಡಿದಳು. ಅಣ್ಣ ಎತ್ತಿಕೊಂಡೇ ತಂದು ನನ್ನ ಚಾಪೆಯ ಮೇಲೆ ಮಲಗಿಸಿದ. ಮಟಮಟ ಮಧ್ಯಾಹ್ನ. ನಾನು ಸೊಪ್ಪು ಹಾಕಿ ಬಂದು ಪಕ್ಕದಲ್ಲಿ ಕೂತೆ. ಔಷಧಿಯ ಮಂಪರಿನಲ್ಲಿದ್ದವಳು ಕಣ್ಣು ಬಿಟ್ಟಳು.

"ಮಳೆ ಬಂತಾ?"

ಬಂದಿರಲಿಲ್ಲ. ಅವಳಿಗೆ ಮಳೆಯಂತೆ ಕೇಳಿಸಿದ್ದು ಹುಳಗಳು ಸೊಪ್ಪು ತಿನ್ನುವ ಸದ್ದು. "ಹೂಂ ಅತ್ಗೆ, ಬಂತು" ಎಂದೆ. "ಗಾಳೀನೂ ಬಂತು. ನಿನ್ ಶೆಡ್ಡು ಅಲ್ಲಾಡ್ಲಿಲ್ಲ."

ಅವಳು ಮೇಲೆ ನೋಡಿದಳು. ಒಣಗಿದ ತುಟಿಯಲ್ಲಿ ನಗು ಬಂತು. "ಸುಳ್ಳಿ. ಶೀಟಿನ ಮೇಲೆ ಮಳೆ ಬಿದ್ದಿದ್ರೆ ನಿನ್ ಮಾತು ನಂಗೆ ಕೇಳ್ತಿತ್ತಾ?"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನಾನು ಅವಳ ಹೊಟ್ಟೆಗೆ ತಾಗದ ಹಾಗೆ ಅವಳ ಭುಜಕ್ಕೆ ಹಣೆಯೂರಿ ಅತ್ತೆ. ನನ್ನ ತಲೆ ಸವರಿ, "ಬತ್ತದೆ ಬುಡು" ಎಂದಳು. ಗಾಳಿಯ ಬಗ್ಗೆ ಹೇಳಿದಳೋ, ನನಗೆ ಸಮಾಧಾನ ಹೇಳಿದಳೋ ತಿಳಿಯಲಿಲ್ಲ.

ಯುಗಾದಿಗೆ ಇನ್ನೂ ದಿನಗಳಿರುವಾಗಲೇ ಬಿಡದಿಯ ಮನೆಯಲ್ಲಿ ತೀರಿಕೊಂಡಳು. ಕೋಳಿಗೆ ಇಷ್ಟು, ನನಗೆ ಇಷ್ಟು ಎಂದು ವರ್ಷಗಳನ್ನು ಹಂಚಿಕೊಟ್ಟವಳು ತಾನು ಐವತ್ತರ ಹತ್ತಿರವೂ ಸುಳಿಯಲಿಲ್ಲ. ಇದು ಯಾವ ನ್ಯಾಯ ಎಂದು ಕೇಳಲು ನನಗೆ ಈಗಲೂ ಒಂದು ಬಾಗಿಲು ಸಿಕ್ಕಿಲ್ಲ.

ಅವಳ ತಿಥಿ ಮುಗಿಸಿಕೊಂಡು ಊರಿಗೆ ಬಂದ ವಾರದಲ್ಲೇ, ಒಂದು ಸಂಜೆ ಧೂಳೆದ್ದಿತು. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಿರುಗಿದವು. ನಾನೂ ಓರಗಿತ್ತಿಯೂ ಹುಳದ ಮನೆಯೊಳಗೆ ತಟ್ಟೆ ತೊಳೆದು ಜೋಡಿಸುತ್ತಿದ್ದೆವು. ಕಿಟಕಿಗಳಿಂದ ಗಾಳಿ ನುಗ್ಗಿತು. ಯಾರದೋ ಕೊಟ್ಟಿಗೆಯ ಶೀಟು ಹಾರಿಬಂದು ನಮ್ಮ ಹಿಪ್ಪುನೇರಳೆ ತೋಟಕ್ಕೆ ಬಿತ್ತು. ನಮ್ಮ ಛಾವಣಿ ಗುಡುಗಿತು, ನಡುಗಿತು, ಏಳಲಿಲ್ಲ. ಆ ಮೂಲೆಯಿಂದ ಈ ಮೂಲೆಯವರೆಗೆ ಒಂದು ಬೋಲ್ಟೂ ಜಗ್ಗಲಿಲ್ಲ. ನಾನು ಚಾಪೆಯ ಮೇಲೆ ಕುಸಿದು ಕೂತು, ತಲೆ ಎತ್ತಿ, ಬಾಯಿಗೆ ಬಂದ ಹಾಗೆ ಗಾಳಿಯನ್ನು ಬೈದೆ. "ಈಗ ಬಂದ್ಯಾ? ಹಾಳಾದ್ದೇ, ಈಗ ಬಂದ್ಯಾ?"

ನಾನು ಅಳುವುದನ್ನು ನೋಡಿ ಓರಗಿತ್ತಿ ಓಡಿಬಂದು ತಬ್ಬಿಕೊಂಡಳು. ಕಿವಿಯ ಹತ್ತಿರ ಕೂಗಿದಳು: "ಹೆದರ್ಕಬ್ಯಾಡ ಕಣಕ್ಕ, ಗಟ್ಟಿಯಾಗೈತೆ!"

"ಗೊತ್ತು ಕಣೆ" ಎಂದೆ. "ಗಟ್ಟಿಯಾಗೈತೆ ಅಂತ ಈಗ ಯಾರಿಗ್ ಹೇಳ್ಲಿ?"

ಶೀಟಿನ ಮೇಲೆ ಮಳೆ ಸುರಿಯತೊಡಗಿತ್ತು. ನನ್ನ ಮಾತು ಅವಳಿಗೆ ಕೇಳಿಸಲಿಲ್ಲ.