ಐನೂರಕ್ಕೆ ಒಂದು ತಲೆ ಕಡಿಮೆ

ಜಿಲ್ಲಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಆ ಗುಮಾಸ್ತೆಯನ್ನು ಹಳ್ಳಿಗಳ ಕಡೆ ಎಲ್ಲರೂ ಗಣತಿಯಕ್ಕ ಎಂದೇ ಕರೆಯುತ್ತಿದ್ದರು. ಜನಗಣತಿ ಬಂತೆಂದರೆ ಕುರ್ಚಿ ಬಿಟ್ಟು, ಹೆಗಲಿಗೆ ಚೀಲ ಹಾಕಿ ಹೊರಡುವವಳು. ಅವಳದು ಒಂದೇ ಪಟ್ಟು: ತಲೆಯನ್ನು ಕಣ್ಣಾರೆ ಕಾಣಬೇಕು, ಪ್ರಶ್ನೆಗೆಲ್ಲ ಉತ್ತರವನ್ನು ಕಿವಿಯಾರೆ ಕೇಳಬೇಕು. ತೊಟ್ಟಿಲ ಕೂಸಿನ ಹೊದಿಕೆಯನ್ನೂ ಸರಿಸಿ ನೋಡಿಯೇ ಬರೆಯುವಳು. ಒಮ್ಮೆ ಹೊದಿಕೆಯ ಕೆಳಗೆ ಕುಂಬಳಕಾಯಿ ಸಿಕ್ಕಿತ್ತು. ಆ ಮನೆಯವರು ಇವತ್ತಿಗೂ ಅವಳನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ.

ಈ ಸಲ ಅವಳ ಪಾಲಿಗೆ ಬಂದದ್ದು ಅಕ್ಕನನ್ನು ಕೊಟ್ಟ ಊರು. ನಾಲ್ಕು ತಿಂಗಳಿಂದ ಅವಳು ಅಲ್ಲಿಂದಲೇ ಬಸ್ಸಿನಲ್ಲಿ ಕಚೇರಿಗೆ ಓಡಾಡುತ್ತಿದ್ದಳು. ಗಂಡನಿಗೆ ದೂರದಲ್ಲಿ ಕೆಲಸ, ಒಬ್ಬಳೇ ಇರಲಾರೆ ಎಂದು ಅಕ್ಕನಿಗೆ ಹೇಳಿದ್ದಳು. ನಿಜ ಬೇರೆಯಿತ್ತು. ಗಂಡ ಇನ್ನೊಬ್ಬಳನ್ನು ಮನೆಗೆ ತಂದು, ಇವಳ ಟ್ರಂಕನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಿದ್ದ. ಆ ಟ್ರಂಕು ಈಗ ಕಚೇರಿಯಲ್ಲಿ ಅವಳ ಮೇಜಿನ ಕೆಳಗಿತ್ತು. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂಬ ಹಿರಿಯರ ಮಾತನ್ನು ಪಾಪ, ಇವಳು ಸ್ವಲ್ಪ ಜಾಸ್ತಿಯೇ ಪಾಲಿಸಿದ್ದಳು.

ಗಣತಿಯಲ್ಲಿ ಐನೂರು ಜನರಿದ್ದರೆ ಊರಿಗೆ ನರ್ಸು, ಔಷಧಿಯ ಕೋಣೆ. ಒಬ್ಬರು ಕಡಿಮೆಯಾದರೂ ಈಗಿರುವ ಕೋಣೆಗೆ ಬೀಗ. ಆಸ್ಪತ್ರೆ ನಲವತ್ತು ಕಿಲೋಮೀಟರ್ ಆಚೆ. ಅಕ್ಕನ ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು, ಬಿಪಿ ಬೇರೆ ಏರುತ್ತಿತ್ತು. ನರ್ಸಮ್ಮ ದಿನ ಬಿಟ್ಟು ದಿನ ನೋಡದೆ ಆಗುತ್ತಿರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಗಣತಿಯಕ್ಕ ಅಡುಗೆಮನೆಯಲ್ಲಿ ಪುಸ್ತಕ ಬಿಚ್ಚಿ ಮೂರನೇ ಸಲ ಕೂಡಿಸಿದಳು. ಮತ್ತೆ ನಾನೂರ ತೊಂಬತ್ತೊಂಬತ್ತು. ನಾಲ್ಕಕ್ಕೆ ಮೇಲಧಿಕಾರಿಯ ಜೀಪು ಬಂದು ಪುಸ್ತಕ ಒಯ್ಯುವುದಿತ್ತು.

ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು? ಊರಿನ ಅಧ್ಯಕ್ಷ ಹತ್ತು ಜನರೊಂದಿಗೆ ಬಾಗಿಲಿಗೆ ಬಂದ.

"ಬಡಗಿ ಅಜ್ಜ ಹೋಗಿ ಇನ್ನೂ ವಾರ ಆಗಿಲ್ಲ. ಅವನನ್ನೂ ಬರ್ಕೊಂಬಿಡಿ ತಾಯಿ."

"ಮಣ್ಣಾದೋರು ನನ್ನ ಪ್ರಶ್ನೆಗೆ ಉತ್ತರ ಕೊಡ್ತಾರಾ? ಒಂದು ಸುಳ್ಳು ಸಿಕ್ಕಿದ್ರೆ ಇಡೀ ಪುಸ್ತಕ ರದ್ದಾಗುತ್ತೆ. ಆಮೇಲೆ ಐನೂರೂ ಇಲ್ಲ, ಐದೂ ಇಲ್ಲ."

ಆ ಮನೆಗೆ ಅಕ್ಕನೇ ಯಜಮಾನಿ. ಸೌಟು ಹಿಡಿದೇ ಅವಳು ತಿರುಗಿದಳು. "ನಾಲ್ಕು ತಿಂಗಳಿಂದ ಇಲ್ಲೇ ಉಂಡು ಮಲಗ್ತಿದ್ದೀಯಲ್ಲೇ! ನನ್ನ ಮಗಳ ಜೀವಕ್ಕಿಂತ ನಿನ್ನ ಪುಸ್ತಕ ಹೆಚ್ಚಾಯ್ತಾ? ನಿನ್ನನ್ನಾದ್ರೂ ಬರ್ಕೊ!"

"ನೆಂಟರನ್ನ ಬರೆಯೋ ಹಾಗಿಲ್ಲಕ್ಕ. ವಾಪಸ್ ಹೋಗೋಕೆ ಮನೆ ಇದ್ದೋರು ಆ ಮನೆ ಲೆಕ್ಕಕ್ಕೇ ಸೇರ್ಬೇಕು."

ಹೇಳಿದ ಮಾತು ಅವಳಿಗೇ ತಿರುಗಿ ಬಿತ್ತು: ವಾಪಸ್ ಹೋಗಲು ಅವಳಿಗೆ ಮನೆಯೇ ಇರಲಿಲ್ಲ. ಒಳಕೋಣೆಯಲ್ಲಿ ಅಕ್ಕನ ಮಗಳು ಕೆಮ್ಮಿದಳು. ಬೀದಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿತು. ಹೇಳಿದರೆ ಮಾನ ಹೋಗುತ್ತದೆ, ಅದೂ ಇಷ್ಟು ಜನರೆದುರು. ಹೇಳದಿದ್ದರೆ ಆ ಹುಡುಗಿಯ ಗತಿ?

ಗಣತಿಯಕ್ಕ ಪೆನ್ನಿನ ಮುಚ್ಚಳ ತೆಗೆದಳು. ಎಲ್ಲ ಮನೆಗಳಲ್ಲಿ ಕೇಳುವಂತೆಯೇ ಗಟ್ಟಿಯಾಗಿ ಕೇಳಿದಳು.

"ಬೇರೆ ಮನೆ ಇದೆಯಾ?" ತಾನೇ ಉತ್ತರಿಸಿದಳು. "ಇಲ್ಲ."

"ಗಂಡ?"

"ಬಿಟ್ಟಿದ್ದಾನೆ."

ಬಾಗಿಲಲ್ಲಿದ್ದವರು ತಲೆ ತಗ್ಗಿಸಿದರು. ಅಧ್ಯಕ್ಷನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಯ ಪ್ರಶ್ನೆ ಉಳಿದಿತ್ತು. ಅದಕ್ಕೆ ಮನೆಯ ಯಜಮಾನರೇ ಉತ್ತರ ಕೊಡಬೇಕು. ಅಕ್ಕನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಪುಸ್ತಕವನ್ನೇ ನೋಡುತ್ತ ಕೇಳಿದಳು:

"ಇವರು ಇನ್ನು ಮುಂದೆ ಇದೇ ಮನೇಲಿ ಇರ್ತಾರಾ?"

ಜೀಪು ಬಂದು ನಿಂತಿತು. ಒಲೆಯ ಮೇಲಿನ ಸಾರು ಉಕ್ಕಿ ಚೆಲ್ಲಿದರೂ ಅಕ್ಕ ಅತ್ತ ನೋಡಲಿಲ್ಲ.

"ಇರ್ತಾಳೆ," ಎಂದಳು. "ಬರ್ಕೊ."

ಐನೂರು ಎಂದು ಬರೆಯುವಾಗ ಗಣತಿಯಕ್ಕನ ಕಣ್ಣಿಗೆ ಅಂಕಿಯೇ ಕಾಣುತ್ತಿರಲಿಲ್ಲ. ಅಕ್ಕ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ನಿನ್ನ ಬಟ್ಟೆಬರೆ ಎಲ್ಲಿದೆಯೇ?"

"ಟ್ರಂಕಲ್ಲಿ. ಕಚೇರೀಲಿ, ಮೇಜಿನ ಕೆಳಗೆ."

"ನಾಳೆ ಮನೆಗೆ ತಗೊಂಡ್ಬಾ."